ಗಟ್ಟಿ ಮನಸ್ಸಿನವರಿಗೆ ಔಷಧದ ಚಟ ಹತ್ತುವುದಿಲ್ಲವೇ? ಸರ್ಜನ್ ಹಾಲ್‌ಸ್ಟೆಡ್ ಬದುಕು ಹೇಳುವ ಸತ್ಯ

ನೋವಿನ ಮಾತ್ರೆಗಳ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಸುತ್ತುತ್ತಿರುತ್ತವೆ. ಒಂದು, ಇವುಗಳನ್ನು ಒಮ್ಮೆ ತೆಗೆದುಕೊಂಡರೆ ಸಾಕು, ಯಾರೇ ಆಗಲಿ ಚಟಕ್ಕೆ ಬೀಳುತ್ತಾರೆ ಎಂಬುದು. ಇನ್ನೊಂದು, ಮನಸ್ಸು ಗಟ್ಟಿ ಇದ್ದರೆ ಯಾವ ಔಷಧವೂ ಏನೂ ಮಾಡದು, ಚಟ ಹತ್ತುವುದು ಮನೋಬಲ ಇಲ್ಲದವರಿಗೆ ಮಾತ್ರ ಎಂಬುದು. ಎರಡೂ ತಪ್ಪು. ಏಕೆ ತಪ್ಪು ಎಂದು ತಿಳಿಯಲು ನೂರು ವರ್ಷಗಳ ಹಿಂದೆ ತೀರಿಕೊಂಡ ಒಬ್ಬ ವೈದ್ಯರ ಬದುಕನ್ನು ನೋಡಿದರೆ ಸಾಕು.

ಅವರ ಹೆಸರು ವಿಲಿಯಂ ಸ್ಟುವರ್ಟ್ ಹಾಲ್‌ಸ್ಟೆಡ್. ಅಮೆರಿಕದವರು. ವೈದ್ಯಕೀಯ ಓದಿದವರಿಗೆ ಚಿರಪರಿಚಿತ ಹೆಸರು, ಉಳಿದವರಿಗೆ ಅಷ್ಟಾಗಿ ಗೊತ್ತಿಲ್ಲ. ಆದರೆ ಅವರ ಕೆಲಸ ನಿಮಗೆ ಗೊತ್ತಿರುತ್ತದೆ. ಬಂಟ್ವಾಳದ ಬಿ.ಸಿ. ರೋಡಿನಲ್ಲೋ, ಬೆಳ್ತಂಗಡಿಯಲ್ಲೋ, ಮೂಡುಬಿದಿರೆಯಲ್ಲೋ ನೀವು ಕೆಳದವಡೆಯ ದವಡೆಹಲ್ಲು ಕೀಳಿಸಿಕೊಂಡಿದ್ದೀರಾ? ದಂತವೈದ್ಯರು ಬಾಯಿಯ ಹಿಂಭಾಗದಲ್ಲಿ ಒಂದು ಇಂಜೆಕ್ಷನ್ ಕೊಟ್ಟ ಮೇಲೆ ಅರ್ಧ ತುಟಿ, ಗಲ್ಲ ಎಲ್ಲ ಮರಗಟ್ಟಿದ್ದು ನೆನಪಿರಬಹುದು. ಹಲ್ಲಿನ ಬಳಿ ಅಲ್ಲ, ಹಲ್ಲಿಗೆ ಹೋಗುವ ನರದ ಬುಡಕ್ಕೆ ಔಷಧ ಕೊಡುವ ಆ ವಿಧಾನವನ್ನು ಮೊದಲು ಮಾಡಿ ತೋರಿಸಿದ್ದು ಹಾಲ್‌ಸ್ಟೆಡ್ ಮತ್ತು ಅವರ ಸಂಗಡಿಗರು. ವೈದ್ಯರು ಹಾಕಿಕೊಳ್ಳುವ ರಬ್ಬರ್ ಕೈಗವಸು ಶಸ್ತ್ರಕ್ರಿಯಾ ಕೊಠಡಿಗೆ ಬಂದದ್ದೂ ಅವರಿಂದಲೇ. ಆ ಇಂಜೆಕ್ಷನ್ ವಿಧಾನವನ್ನು ಕಂಡುಹಿಡಿಯುವ ಹಾದಿಯಲ್ಲೇ ಅವರು ಚಟಕ್ಕೆ ಸಿಲುಕಿದರು.

ಧೈರ್ಯಕ್ಕೆ ಇನ್ನೊಂದು ಹೆಸರು

ಹಾಲ್‌ಸ್ಟೆಡ್ ಹುಟ್ಟಿದ್ದು 1852ರ ಸೆಪ್ಟೆಂಬರ್ 23ರಂದು, ನ್ಯೂಯಾರ್ಕಿನ ಸಿರಿವಂತ ವ್ಯಾಪಾರಿ ಕುಟುಂಬದಲ್ಲಿ. ಯೇಲ್ ಕಾಲೇಜಿನಲ್ಲಿ ಓದಿಗಿಂತ ಆಟದಲ್ಲೇ ಹೆಚ್ಚು ಹೆಸರು ಮಾಡಿದವರು, ಫುಟ್‌ಬಾಲ್ ತಂಡದ ನಾಯಕ. ಕೊನೆಯ ವರ್ಷದಲ್ಲಿ ಅಂಗರಚನಾಶಾಸ್ತ್ರದ ಪುಸ್ತಕ ಕೈಗೆ ಸಿಕ್ಕಿ ವೈದ್ಯಕೀಯದತ್ತ ಮನಸ್ಸು ತಿರುಗಿತು. 1877ರಲ್ಲಿ ವೈದ್ಯ ಪದವಿ ಪಡೆದು, ಯುರೋಪಿನಲ್ಲಿ ಎರಡು ವರ್ಷ ದೊಡ್ಡ ದೊಡ್ಡ ಸರ್ಜನ್‌ಗಳ ಕೆಲಸ ನೋಡಿ, 1880ರಲ್ಲಿ ನ್ಯೂಯಾರ್ಕಿಗೆ ಮರಳಿದರು. ಒಂದೇ ಹೊತ್ತಿಗೆ ಹಲವು ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದರು, ರಾತ್ರಿ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದರು.

ಅವರ ಮನಸ್ಸು ಎಷ್ಟು ಗಟ್ಟಿ ಎಂಬುದಕ್ಕೆ ಎರಡು ಘಟನೆ ಸಾಕು. 1881ರಲ್ಲಿ ಅವರ ತಂಗಿಗೆ ಹೆರಿಗೆಯ ನಂತರ ವಿಪರೀತ ರಕ್ತಸ್ರಾವವಾಗಿ ಜೀವ ಹೋಗುವ ಸ್ಥಿತಿ ಬಂತು. ಹಾಲ್‌ಸ್ಟೆಡ್ ತಮ್ಮ ತೋಳಿನಿಂದಲೇ ರಕ್ತ ತೆಗೆದು ತಂಗಿಗೆ ಕೊಟ್ಟು, ಶಸ್ತ್ರಕ್ರಿಯೆಯನ್ನೂ ಮಾಡಿ ಉಳಿಸಿಕೊಂಡರು. ರಕ್ತದಲ್ಲಿ ಗುಂಪುಗಳಿವೆ ಎಂಬುದೇ ಆಗ ಯಾರಿಗೂ ಗೊತ್ತಿರಲಿಲ್ಲ. ಮರುವರ್ಷ ತಾಯಿಗೆ ಪಿತ್ತಕೋಶದಲ್ಲಿ ಕಲ್ಲು, ಕೀವು. ನಡುರಾತ್ರಿ ಕಳೆದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ತಾಯಿಯನ್ನು ಮಲಗಿಸಿ ತಾವೇ ಶಸ್ತ್ರಕ್ರಿಯೆ ಮಾಡಿ ಕಲ್ಲು ತೆಗೆದರು. ತಾಯಿಯೂ ಬದುಕಿದರು. ಮನೋಬಲವೇ ಚಟಕ್ಕೆ ಮದ್ದು ಎನ್ನುವುದಾದರೆ, ಇವರಿಗಿಂತ ಸುರಕ್ಷಿತ ವ್ಯಕ್ತಿ ಇನ್ನೊಬ್ಬರಿರಲು ಸಾಧ್ಯವಿರಲಿಲ್ಲ.

ಒಂದೇ ಔಷಧ, ಹಲವು ಜನ

1884ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ನಗರದ ಸಮ್ಮೇಳನದಲ್ಲಿ ಒಂದು ಸುದ್ದಿ ಹೊರಬಿತ್ತು. ವಿಯೆನ್ನಾದ ಯುವ ವೈದ್ಯ ಕಾರ್ಲ್ ಕೋಲರ್, ಕೋಕಾ ಎಲೆಯಿಂದ ತೆಗೆದ ಕೊಕೇನ್ ದ್ರಾವಣವನ್ನು ಕಣ್ಣಿಗೆ ಬಿಟ್ಟರೆ ಕಣ್ಣು ಪೂರ್ತಿ ಮರಗಟ್ಟುತ್ತದೆ, ರೋಗಿ ಎಚ್ಚರವಿದ್ದಂತೆಯೇ ಶಸ್ತ್ರಕ್ರಿಯೆ ಮಾಡಬಹುದು ಎಂದು ಕಂಡುಕೊಂಡಿದ್ದರು. ಅಲ್ಲಿಯವರೆಗೆ ನೋವಿಲ್ಲದ ಶಸ್ತ್ರಕ್ರಿಯೆ ಬೇಕೆಂದರೆ ಈಥರ್ ಅಥವಾ ಕ್ಲೋರೋಫಾರ್ಮ್ ಕೊಟ್ಟು ಪ್ರಜ್ಞೆ ತಪ್ಪಿಸಬೇಕಿತ್ತು, ಅದರಲ್ಲಿ ಜೀವಕ್ಕೇ ಅಪಾಯವಿತ್ತು.

ಸುದ್ದಿ ಓದಿದ ಹಾಲ್‌ಸ್ಟೆಡ್‌ಗೆ ಹೊಳೆಯಿತು: ಕಣ್ಣಿನ ಮೇಲ್ಮೈಗೆ ಬಿಡುವ ಬದಲು ನರದ ಬುಡಕ್ಕೇ ಚುಚ್ಚಿದರೆ? ಆ ನರ ಹೋಗುವ ಜಾಗವೆಲ್ಲ ಮರಗಟ್ಟಬೇಕು. ಸಹೋದ್ಯೋಗಿ ರಿಚರ್ಡ್ ಹಾಲ್ ಮತ್ತು ಇತರ ಕೆಲವು ವೈದ್ಯರು, ವಿದ್ಯಾರ್ಥಿಗಳ ಜೊತೆ ಸೇರಿ ಪ್ರಯೋಗ ಶುರು ಮಾಡಿದರು. ಪ್ರಯೋಗ ಯಾರ ಮೇಲೆ? ತಮ್ಮ ಮೇಲೆಯೇ, ಒಬ್ಬರು ಇನ್ನೊಬ್ಬರ ಮೇಲೆ. ಕೈ, ಕಾಲು, ದವಡೆಯ ನರಗಳಿಗೆ ಮತ್ತೆ ಮತ್ತೆ ಚುಚ್ಚಿ ಎಲ್ಲೆಲ್ಲಿ ಮರಗಟ್ಟುತ್ತದೆ, ಎಷ್ಟು ಹೊತ್ತು ಎಂದು ಬರೆದಿಟ್ಟರು. ಆ ವರ್ಷದ ಡಿಸೆಂಬರ್ ಹೊತ್ತಿಗೆ ದವಡೆಯ ನರವನ್ನು ಮರಗಟ್ಟಿಸುವ ವಿಧಾನದ ವರದಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಕೊಕೇನ್ ಆಗ ಕಾನೂನುಬಾಹಿರ ವಸ್ತು ಅಲ್ಲ. ಟಾನಿಕ್, ಮದ್ಯಗಳಲ್ಲೂ ಬೆರೆಸಿ ಮಾರುತ್ತಿದ್ದರು. ಅದು ಚಟ ಹತ್ತಿಸುತ್ತದೆ ಎಂದು ಯಾರೂ ಎಚ್ಚರಿಸಿರಲಿಲ್ಲ. ಇವರು ಮೋಜಿಗಾಗಿ ಹೋದವರಲ್ಲ, ರೋಗಿಗಳ ನೋವು ತಪ್ಪಿಸಲು ಹೋದವರು. ಆದರೆ ಔಷಧಕ್ಕೆ ಉದ್ದೇಶ ಗೊತ್ತಾಗುವುದಿಲ್ಲ.

ಕೆಲವೇ ತಿಂಗಳಲ್ಲಿ ಹಾಲ್‌ಸ್ಟೆಡ್ ಬದಲಾದರು. ಪಾಠ ತಪ್ಪಿಸತೊಡಗಿದರು, ಆಸ್ಪತ್ರೆಗೆ ಬರುವುದು ನಿಂತಿತು. 1885ರ ಸೆಪ್ಟೆಂಬರಿನಲ್ಲಿ ಅವರು ಬರೆದ ಲೇಖನವೊಂದು ಅಚ್ಚಾಯಿತು. ಅದರ ಮೊದಲ ವಾಕ್ಯವೇ ಆದಿ ಅಂತ್ಯವಿಲ್ಲದ ಗೋಜಲು, ಓದಿದವರಿಗೆ ಅರ್ಥವೇ ಆಗುವಂತಿರಲಿಲ್ಲ. ಸ್ಪಷ್ಟ ಬರವಣಿಗೆಗೆ ಹೆಸರಾದ ವೈದ್ಯರ ಮೆದುಳು ಏನಾಗಿತ್ತು ಎಂಬುದಕ್ಕೆ ಅದು ಇಂದಿಗೂ ಉಳಿದಿರುವ ಸಾಕ್ಷಿ.

ಬಹಳ ವರ್ಷಗಳ ನಂತರ, ತಮ್ಮ ಮೇಲೆ ಪ್ರಯೋಗ ಮಾಡಿಕೊಂಡ ಸಂಗಡಿಗರಲ್ಲಿ ಹಾಲ್ ಮತ್ತು ಇನ್ನಿಬ್ಬರು ಕೊಕೇನ್ ಚಟಕ್ಕೆ ಸಿಕ್ಕು, ಅದರಿಂದ ಹೊರಬರದೆಯೇ ಸತ್ತರು ಎಂದು ಹಾಲ್‌ಸ್ಟೆಡ್ ಪತ್ರವೊಂದರಲ್ಲಿ ನೋವಿನಿಂದ ಬರೆದುಕೊಂಡರು. ಹಾಲ್ ನ್ಯೂಯಾರ್ಕ್ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋಗಿ 1897ರಲ್ಲಿ ತೀರಿಕೊಂಡರು.

ಇದೇ ಕಾಲದಲ್ಲಿ ವಿಯೆನ್ನಾದಲ್ಲಿ ಏನಾಯಿತು ನೋಡಿ. ಕೊಕೇನನ್ನು ತಮ್ಮ ಕಣ್ಣಿಗೇ ಬಿಟ್ಟು ಪರೀಕ್ಷಿಸಿದ ಕೋಲರ್ ಚಟಕ್ಕೆ ಬೀಳಲಿಲ್ಲ. ಮುಂದೆ ನ್ಯೂಯಾರ್ಕಿನಲ್ಲಿ ಹೆಸರಾಂತ ಕಣ್ಣಿನ ವೈದ್ಯರಾಗಿ 1944ರವರೆಗೆ ಬಾಳಿದರು. ಮನೋವಿಶ್ಲೇಷಣೆಯ ಸಿಗ್ಮಂಡ್ ಫ್ರಾಯ್ಡ್ ಕೆಲವು ವರ್ಷ ಕೊಕೇನ್ ಬಳಸಿದರು, ಅದನ್ನು ಹೊಗಳಿ ಬರೆದರು, ಕೊನೆಗೆ ಬಿಟ್ಟರು. ಆದರೆ ಅವರಿಗೆ ಜೀವನಪರ್ಯಂತ ಬಿಡಲಾಗದ್ದು ಚುಟ್ಟಾ. ಫ್ರಾಯ್ಡ್ ಅವರ ಗೆಳೆಯ, ವಿಜ್ಞಾನಿ ಅರ್ನ್ಸ್ಟ್ ಫ್ಲೈಶ್ಲ್ ಕತೆ ಬೇರೆ. ಹೆಬ್ಬೆರಳು ಕತ್ತರಿಸಬೇಕಾಗಿ ಬಂದು, ಅಲ್ಲಿ ಉಳಿದ ತಾಳಲಾರದ ನೋವಿಗೆ ಮಾರ್ಫಿನ್ ತೆಗೆದುಕೊಳ್ಳುತ್ತಿದ್ದರು. ಅದನ್ನು ಬಿಡಿಸಲು ಫ್ರಾಯ್ಡ್ ಕೊಕೇನ್ ಕೊಟ್ಟರು. ಆತ ಎರಡಕ್ಕೂ ದಾಸರಾಗಿ 1891ರಲ್ಲಿ, 45ರ ವಯಸ್ಸಿಗೆ ತೀರಿಕೊಂಡರು.

ಔಷಧ ಒಂದೇ, ಕಾಲ ಒಂದೇ, ಎಲ್ಲರೂ ವಿದ್ಯಾವಂತರು. ಒಬ್ಬರು ಅಂಟದೆ ದಾಟಿದರು, ಒಬ್ಬರು ಬಳಸಿ ಬಿಟ್ಟರು, ಉಳಿದವರು ಮುಳುಗಿದರು.

ಚಟ ಬಿಡಿಸಲು ಹೋಗಿ ಇನ್ನೊಂದು ಚಟ

ಗೆಳೆಯ ವಿಲಿಯಂ ವೆಲ್ಚ್ ಮತ್ತಿತರರು ಹಾಲ್‌ಸ್ಟೆಡ್ ಅವರನ್ನು ಕೈಬಿಡಲಿಲ್ಲ. ಔಷಧ ಸಿಗದಂತೆ 1886ರ ಆರಂಭದಲ್ಲಿ ಸಮುದ್ರಯಾನಕ್ಕೆ ಕಳುಹಿಸಿದರು. ಫಲ ಸಿಗಲಿಲ್ಲ. ಅದೇ ವರ್ಷ ಪ್ರಾವಿಡೆನ್ಸ್ ನಗರದ ಬಟ್ಲರ್ ಆಸ್ಪತ್ರೆಗೆ ಸೇರಿದರು, ತಿಂಗಳುಗಟ್ಟಲೆ ಅಲ್ಲೇ ಇದ್ದರು. ಕೊಕೇನ್ ಬಿಡಿಸಲು ಆ ಕಾಲದ ವೈದ್ಯರು ಕೊಟ್ಟಿದ್ದು ಮಾರ್ಫಿನ್. ಅಫೀಮಿನಿಂದ ತೆಗೆಯುವ ಪ್ರಬಲ ನೋವುನಿವಾರಕ ಅದು. ಹೊರಬರುವಾಗ ಕೊಕೇನ್ ಹಿಡಿತ ಸಡಿಲವಾಗಿತ್ತು, ಮಾರ್ಫಿನ್ ಹಿಡಿತ ಬಿದ್ದಿತ್ತು. 1887ರಲ್ಲಿ ಮತ್ತೊಮ್ಮೆ ಅದೇ ಆಸ್ಪತ್ರೆಗೆ ದಾಖಲಾಗಬೇಕಾಯಿತು.

ವೆಲ್ಚ್ ಆಗ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯನ್ನು ಕಟ್ಟುತ್ತಿದ್ದರು. ಗೆಳೆಯನಿಗೆ ತಮ್ಮ ಪ್ರಯೋಗಾಲಯದಲ್ಲಿ ಜಾಗ ಕೊಟ್ಟರು. ನ್ಯೂಯಾರ್ಕಿನ ಮಾತುಗಾರ, ಗೆಳೆಯರ ಗುಂಪಿನ ನಡುವೆ ಇರುತ್ತಿದ್ದ ಮನುಷ್ಯ ಇಲ್ಲಿ ಬೇರೆಯೇ ಆಗಿದ್ದರು. ಮಿತಭಾಷಿ, ಒಂಟಿ, ಅತಿ ನಿಧಾನಿ. ಆ ನಿಧಾನವೇ ಶಸ್ತ್ರಕ್ರಿಯೆಗೆ ವರವಾಯಿತು. ಆವರೆಗೆ ಸರ್ಜನ್ ಎಂದರೆ ಚಕಚಕನೆ ಕತ್ತರಿಸಿ ಮುಗಿಸುವವನು. ಹಾಲ್‌ಸ್ಟೆಡ್ ರಕ್ತ ಒಸರದಂತೆ ಒಂದೊಂದೇ ನಾಳ ಹಿಡಿದು, ಅಂಗಾಂಶಕ್ಕೆ ಗಾಯವಾಗದಂತೆ ಮೆತ್ತಗೆ ಕೆಲಸ ಮಾಡುವುದನ್ನು ಕಲಿಸಿದರು. ಹರ್ನಿಯಾಕ್ಕೆ, ಸ್ತನ ಕ್ಯಾನ್ಸರಿಗೆ ಹೊಸ ಶಸ್ತ್ರಕ್ರಿಯೆಗಳನ್ನು ರೂಪಿಸಿದರು. 1889ರಲ್ಲಿ ಆಸ್ಪತ್ರೆ ತೆರೆಯಿತು. 1890ರಲ್ಲಿ ಅವರು ಅಲ್ಲಿನ ಮುಖ್ಯ ಸರ್ಜನ್, 1892ರಲ್ಲಿ ಪ್ರಾಧ್ಯಾಪಕ. ಇಂದು ಮೆಡಿಕಲ್ ಕಾಲೇಜುಗಳಲ್ಲಿ ಪಿ.ಜಿ. ವೈದ್ಯರು ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ದುಡಿದು ಕಲಿಯುತ್ತಾರಲ್ಲ, ಶಸ್ತ್ರಕ್ರಿಯೆಯಲ್ಲಿ ಆ ಪದ್ಧತಿಗೆ ರೂಪ ಕೊಟ್ಟವರು ಅವರು.

ಕೈಗವಸಿನ ಕತೆಯೂ ಇದೇ ಕಾಲದ್ದು. ಕೊಠಡಿಯ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್ ಅವರ ಕೈಗಳು ಕ್ರಿಮಿನಾಶಕ ದ್ರಾವಣಕ್ಕೆ ಸುಟ್ಟಂತಾಗುತ್ತಿದ್ದವು. ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಯಿಂದ ತೆಳುವಾದ ಕೈಗವಸು ಮಾಡಿಸಿ ಕೊಟ್ಟರು. 1890ರಲ್ಲಿ ಇಬ್ಬರೂ ಮದುವೆಯಾದರು. ಮುಂದೆ ಅವರ ಶಿಷ್ಯ ಜೋಸೆಫ್ ಬ್ಲಡ್‌ಗುಡ್, ಕೈಗವಸು ಹಾಕಿದರೆ ಗಾಯ ಕೀವಾಗುವುದು ಬಹಳ ಕಡಿಮೆಯಾಗುತ್ತದೆ ಎಂದು ತೋರಿಸಿದರು.

ಮುಚ್ಚಿಟ್ಟ ಪುಸ್ತಕ

ಈ ಎಲ್ಲ ಸಾಧನೆಯ ಹೊತ್ತಿಗೆ ಹಾಲ್‌ಸ್ಟೆಡ್ ಗುಣವಾಗಿದ್ದಾರೆ ಎಂದೇ ಹೊರಗಿನವರು ನಂಬಿದ್ದರು. ಹಾಪ್‌ಕಿನ್ಸ್‌ನ ಇನ್ನೊಬ್ಬ ಹಿರಿಯ ವೈದ್ಯ ವಿಲಿಯಂ ಆಸ್ಲರ್ ಮಾತ್ರ ಒಂದು ರಹಸ್ಯ ಟಿಪ್ಪಣಿ ಬರೆದು ಮೊಹರು ಮಾಡಿಸಿಟ್ಟಿದ್ದರು. ಅದು ಬೆಳಕಿಗೆ ಬಂದದ್ದು 1969ರಲ್ಲಿ. ಹಾಲ್‌ಸ್ಟೆಡ್ ಮುಖ್ಯ ಹುದ್ದೆಗೆ ಬಂದ ಮೇಲೂ ದಿನವೂ ಮಾರ್ಫಿನ್ ತೆಗೆದುಕೊಳ್ಳುತ್ತಿದ್ದರು, ಆ ವರ್ಷಗಳಲ್ಲಿ ದಿನಕ್ಕೆ ಮೂರು ಗ್ರೇನ್, ಅಂದರೆ ಸುಮಾರು 180 ಮಿಲಿಗ್ರಾಂಗಿಂತ ಕೆಳಗಿಳಿಸಲು ಆಗುತ್ತಿರಲಿಲ್ಲ, ಬಳಿಕ ವರ್ಷಗಳ ಪ್ರಯತ್ನದಿಂದ ಇನ್ನೂ ಇಳಿಸಿದರು ಎಂಬುದು ಅದರಲ್ಲಿತ್ತು. ಒಮ್ಮೆ ಅವರು ಮೈ ನಡುಗಿ ಒದ್ದಾಡುವುದನ್ನು ಆಸ್ಲರ್ ಕಣ್ಣಾರೆ ಕಂಡಿದ್ದರು.

ಹಾಲ್‌ಸ್ಟೆಡ್ 1922ರ ಸೆಪ್ಟೆಂಬರ್ 7ರಂದು, ಪಿತ್ತನಾಳದ ಕಲ್ಲಿನ ಶಸ್ತ್ರಕ್ರಿಯೆಯ ನಂತರದ ತೊಂದರೆಗಳಿಂದ ತೀರಿಕೊಂಡರು. ಅದಕ್ಕೆ ಕೆಲವೇ ತಿಂಗಳ ಮುಂಚೆ ಅಮೆರಿಕದ ದಂತವೈದ್ಯರ ಸಂಘ, ಆ ದವಡೆ ಇಂಜೆಕ್ಷನ್ ಶೋಧಕ್ಕಾಗಿ ಅವರನ್ನು ಗೌರವಿಸಿತ್ತು. ಇಂದು ಆ ಇಂಜೆಕ್ಷನ್‌ನಲ್ಲಿ ಇರುವುದು ಕೊಕೇನ್ ಅಲ್ಲ, ಲಿಗ್ನೊಕೇನ್‌ನಂಥ ಔಷಧ. ಅದರಿಂದ ಚಟ ಹತ್ತುವುದಿಲ್ಲ, ಹಲ್ಲು ಕೀಳಿಸಲು ಹೆದರಬೇಕಿಲ್ಲ.

ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಮಾರ್ಫಿನ್ ತೆಗೆದುಕೊಂಡೂ ಅಷ್ಟು ಕೆಲಸ ಮಾಡಿದರಲ್ಲ, ಹಾಗಾದರೆ ಅದು ಅಪಾಯವಲ್ಲ ಎಂದು ತಿಳಿಯಬಾರದು. ಅವರಿಗೆ ಹಣವಿತ್ತು, ಶುದ್ಧ ಔಷಧ ಕೈಗೆ ಸಿಗುತ್ತಿತ್ತು, ಬಿಟ್ಟುಕೊಡದ ಗೆಳೆಯರಿದ್ದರು. ಅವರ ಸಂಗಡಿಗರು ಚಟದಲ್ಲೇ ಸತ್ತರು.

ಒಬ್ಬರಿಗೆ ಹತ್ತುತ್ತದೆ, ಇನ್ನೊಬ್ಬರಿಗಿಲ್ಲ. ಏಕೆ?

ನಮ್ಮ ಊರಿನಲ್ಲೂ ಇದು ಹೊಸದಲ್ಲ. ಒಂದೇ ಗಡಂಗಿನಲ್ಲಿ ಒಟ್ಟಿಗೆ ಕುಡಿಯಲು ಶುರು ಮಾಡಿದವರಲ್ಲಿ ಒಬ್ಬ ಹಬ್ಬಕ್ಕಷ್ಟೇ ಕುಡಿದು ಸುಮ್ಮನಾಗುತ್ತಾನೆ, ಇನ್ನೊಬ್ಬನನ್ನು ಮನೆಯವರು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಕ್ಕೆ ಕರೆದೊಯ್ಯಬೇಕಾಗುತ್ತದೆ. ಔಷಧಕ್ಕೂ ಅದೇ ಲೆಕ್ಕ. ಇದಕ್ಕೆ ಈಗ ವಿಜ್ಞಾನ ಕೊಡುವ ಕಾರಣಗಳು ಹೀಗಿವೆ.

ಮೊದಲನೆಯದು ವಂಶವಾಹಿ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಚಟಕ್ಕೆ ಬೀಳುವ ಸಾಧ್ಯತೆಯಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧ ಭಾಗ ಹುಟ್ಟಿನಿಂದ ಬಂದದ್ದು. ಇದು ಒಂದು ವಂಶವಾಹಿಯ ಕೆಲಸವಲ್ಲ, ಹಲವು ಸೇರಿ ಮಾಡುವಂಥದ್ದು. ಅಪ್ಪ, ಅಜ್ಜ, ಮಾವ ಕುಡಿತಕ್ಕೋ ಬೇರೆ ಚಟಕ್ಕೋ ಸಿಕ್ಕಿದ್ದರೆ ನೀವು ಹೆಚ್ಚು ಜಾಗ್ರತೆಯಿಂದಿರಬೇಕು.

ಎರಡನೆಯದು ದೇಹ ಔಷಧವನ್ನು ಅರಗಿಸಿಕೊಳ್ಳುವ ರೀತಿ. ಕೆಲವು ಕೆಮ್ಮಿನ ಸಿರಪ್ ಮತ್ತು ನೋವಿನ ಮಾತ್ರೆಗಳಲ್ಲಿರುವ ಕೊಡೀನ್ ಯಕೃತ್ತಿಗೆ ಹೋಗಿ ಒಂದಿಷ್ಟು ಮಾರ್ಫಿನ್ ಆಗಿ ಬದಲಾಗುತ್ತದೆ. ಇದನ್ನು ಮಾಡುವ ಕಿಣ್ವ ಕೆಲವರಲ್ಲಿ ಕೆಲಸವೇ ಮಾಡುವುದಿಲ್ಲ, ಮಾತ್ರೆ ನುಂಗಿದರೂ ನೋವು ಹೋಗದು. ಇನ್ನು ಕೆಲವರಲ್ಲಿ ವಿಪರೀತ ವೇಗ, ಸಾಮಾನ್ಯ ಡೋಸಿಗೇ ಉಸಿರು ನಿಧಾನವಾಗುವಷ್ಟು ಮಾರ್ಫಿನ್ ರಕ್ತಕ್ಕೆ ಬರುತ್ತದೆ. ಇದು ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ.

ಮೂರನೆಯದು ವಯಸ್ಸು ಮತ್ತು ಮನಸ್ಸಿನ ಸ್ಥಿತಿ. ಹದಿಹರೆಯದ ಮೆದುಳು ಇನ್ನೂ ಬೆಳೆಯುತ್ತಿರುತ್ತದೆ, ಬೇಗ ಸಿಕ್ಕಿಬೀಳುತ್ತದೆ. ಖಿನ್ನತೆ, ಆತಂಕ, ನಿದ್ರೆ ಇಲ್ಲದಿರುವುದು, ಬಾಲ್ಯದಲ್ಲಿ ಅನುಭವಿಸಿದ ಹಿಂಸೆ ಇವೆಲ್ಲ ಅಪಾಯ ಹೆಚ್ಚಿಸುತ್ತವೆ. ಒಬ್ಬರಿಗೆ ಬರೀ ತೂಕಡಿಕೆ, ವಾಕರಿಕೆ ತರುವ ಮಾತ್ರೆ ಇನ್ನೊಬ್ಬರಿಗೆ ಎದೆಯ ಭಾರವೆಲ್ಲ ಇಳಿದಂಥ ಹಿತ ಕೊಡಬಹುದು. ನೋವು ಹೋದ ಮೇಲೂ ಆ ಹಿತಕ್ಕಾಗಿ ಮಾತ್ರೆ ಬೇಕೆನಿಸಿದರೆ ಅದು ಎಚ್ಚರಿಕೆಯ ಗಂಟೆ.

ನಾಲ್ಕನೆಯದು ಎಷ್ಟು, ಎಷ್ಟು ದಿನ, ಯಾವ ದಾರಿಯಲ್ಲಿ ಮತ್ತು ಎಷ್ಟು ಸುಲಭವಾಗಿ ಸಿಗುತ್ತದೆ ಎಂಬುದು. ಹಾಲ್‌ಸ್ಟೆಡ್ ತಂಡ ಮತ್ತೆ ಮತ್ತೆ ಇಂಜೆಕ್ಷನ್ ಮೂಲಕ ತೆಗೆದುಕೊಂಡಿತು, ಔಷಧ ಯಾವಾಗಲೂ ಕೈಯಳತೆಯಲ್ಲೇ ಇತ್ತು. ಕೋಲರ್ ಬಿಟ್ಟುಕೊಂಡದ್ದು ಕಣ್ಣಿಗೆ ಕೆಲವು ಹನಿ.

ಈ ಪಟ್ಟಿಯಲ್ಲಿ ಮನೋಬಲ ಕಡಿಮೆ ಎಂಬ ಕಾರಣ ಇಲ್ಲ ಎಂಬುದನ್ನು ಗಮನಿಸಿ. ಮನೋಬಲ ಚಟ ಬಿಡುವಾಗ ನೆರವಾಗಬಹುದು, ಹತ್ತದಂತೆ ತಡೆಯುವ ಕವಚ ಅಲ್ಲ.

ಯಾವ ಮಾತ್ರೆಗೆ ಯಾವ ಅಪಾಯ?

ಬಂಟ್ವಾಳದಲ್ಲಿ ಬೀಡಿ ಕಟ್ಟಿ ಕುತ್ತಿಗೆ, ಸೊಂಟ ಹಿಡಿದ ಹೆಂಗಸರು, ಬೆಳ್ತಂಗಡಿಯಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುವವರು, ಮೂಡುಬಿದಿರೆಯ ತೋಟಗಳಲ್ಲಿ ಅಡಿಕೆ ಮರ ಏರುವವರು, ಹೀಗೆ ನೋವಿನ ಮಾತ್ರೆ ಬೇಕಾಗುವವರು ಇಲ್ಲಿ ಬಹಳ ಜನ. ಎಲ್ಲ ನೋವಿನ ಮಾತ್ರೆಗಳೂ ಒಂದೇ ಅಲ್ಲ.

ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಅಫೀಮಿನ ಜಾತಿಯವಲ್ಲ, ಮಾರ್ಫಿನ್‌ನಂತೆ ಚಟ ಹತ್ತಿಸುವುದಿಲ್ಲ. ಹಾಗೆಂದು ದಿನವೂ ನುಂಗಬಹುದು ಎಂದಲ್ಲ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ಪ್ಯಾರಾಸಿಟಮಾಲ್ ಮಿತಿ ಮೀರಿದರೆ ಯಕೃತ್ತು ಹಾಳಾಗುತ್ತದೆ. ತಲೆನೋವಿಗೆ ತಿಂಗಳಲ್ಲಿ 15 ದಿನ ಅಥವಾ ಹೆಚ್ಚು ಮಾತ್ರೆ ನುಂಗುತ್ತಾ ಹೋದರೆ ಮಾತ್ರೆಯಿಂದಲೇ ತಲೆನೋವು ಬರಲು ಶುರುವಾಗುತ್ತದೆ.

ಟ್ರಮಡಾಲ್, ಟ್ಯಾಪೆಂಟಡಾಲ್, ಕೊಡೀನ್, ಮಾರ್ಫಿನ್ ಅಫೀಮಿನಂತೆ ಮೆದುಳಿನ ಮೇಲೆ ಕೆಲಸ ಮಾಡುತ್ತವೆ. ಚಟದ ಅಪಾಯ ಇರುವುದು ಇವುಗಳಲ್ಲಿ. ಟ್ರಮಡಾಲನ್ನು 2018ರಲ್ಲಿ ಕೇಂದ್ರ ಸರ್ಕಾರ ಮಾದಕ ವಸ್ತು ಕಾಯ್ದೆಯ ವ್ಯಾಪ್ತಿಗೆ ತಂದಿದೆ. ವೈದ್ಯರ ಚೀಟಿ ಇಲ್ಲದೆ ಮೆಡಿಕಲ್‌ನಲ್ಲಿ ಕೊಡಿ ಎಂದು ಕೇಳಬೇಡಿ. ನಿಮ್ಮ ಚೀಟಿಯಲ್ಲಿ ಬಂದ ಮಾತ್ರೆ ನೆರೆಮನೆಯ ಅಕ್ಕನಿಗೆ ಕೊಡಬೇಡಿ. ನಿಮಗೆ ಏನೂ ಆಗಲಿಲ್ಲ ಎಂಬುದು ಅವರಿಗೂ ಆಗುವುದಿಲ್ಲ ಎಂಬುದಕ್ಕೆ ಆಧಾರವಲ್ಲ. ಇವುಗಳ ಜೊತೆ ಮದ್ಯ ಅಥವಾ ನಿದ್ರೆ ಮಾತ್ರೆ ಸೇರಿದರೆ ಉಸಿರು ನಿಲ್ಲುವ ಅಪಾಯವಿದೆ.

ಹಾಗೆಂದು ಹೆದರಿ ನೋವು ನುಂಗಿಕೊಳ್ಳುವುದೂ ತಪ್ಪು. ಕ್ಯಾನ್ಸರ್ ರೋಗಿಗೆ ಮಾರ್ಫಿನ್ ಕೊಟ್ಟರೆ ಅಂತ್ಯ ಬಂದಂತೆ, ಚಟ ಹತ್ತೇ ಹತ್ತುತ್ತದೆ ಎಂಬ ಭಯದಿಂದ ಮನೆಯವರೇ ಬೇಡವೆನ್ನುವುದುಂಟು. ವೈದ್ಯರ ನಿಗಾದಲ್ಲಿ ಕೊಡುವ ಮಾರ್ಫಿನ್ ಸಾವನ್ನು ತರುವುದಿಲ್ಲ, ಆ ನೋವಿಗೆ ಅದಕ್ಕಿಂತ ಒಳ್ಳೆಯ ಔಷಧ ಕಡಿಮೆ. ದಿನಗಟ್ಟಲೆ ತೆಗೆದುಕೊಂಡಾಗ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ, ತಟ್ಟನೆ ನಿಲ್ಲಿಸಿದರೆ ಬೆವರು, ನಡುಕ, ಭೇದಿ ಬರುತ್ತವೆ. ಅದು ದೇಹದ ಅವಲಂಬನೆ. ಹಾನಿಯಾಗುತ್ತಿದೆ ಎಂದು ಗೊತ್ತಿದ್ದೂ ಬಿಡಲಾಗದೆ ಹಂಬಲಿಸುವುದು, ಅದಕ್ಕಾಗಿ ಸುಳ್ಳು ಹೇಳುವುದು, ಕೆಲಸ ಬಿಡುವುದು ಚಟ. ಎರಡೂ ಒಂದೇ ಅಲ್ಲ. ವೈದ್ಯರು ಡೋಸ್ ಸ್ವಲ್ಪ ಸ್ವಲ್ಪವೇ ಇಳಿಸಿ ನಿಲ್ಲಿಸುತ್ತಾರೆ.

ಏನು ಮಾಡಬೇಕು?

ವೈದ್ಯರು ನೋವಿನ ಮಾತ್ರೆ ಬರೆದಾಗ ಮೂರು ಪ್ರಶ್ನೆ ಕೇಳಿ: ಇದು ಅಫೀಮಿನ ಗುಂಪಿನದ್ದೇ, ಎಷ್ಟು ದಿನ, ಹೇಗೆ ನಿಲ್ಲಿಸಬೇಕು. ಮನೆಯಲ್ಲಿ ಯಾರಿಗಾದರೂ ಚಟ ಇದ್ದರೆ, ನಿಮಗೆ ಖಿನ್ನತೆ ಇದ್ದರೆ ಮುಚ್ಚಿಡದೆ ಹೇಳಿ. ಉಳಿದ ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗುವ ಡಬ್ಬಿಯಲ್ಲಿ ಇಡಬೇಡಿ.

ಈಗಾಗಲೇ ಬಿಡಲಾಗುತ್ತಿಲ್ಲ ಎನ್ನುವವರು ಹಾಲ್‌ಸ್ಟೆಡ್‌ಗಿಂತ ಅದೃಷ್ಟವಂತರು. ಅವರ ಕಾಲದಲ್ಲಿ ಒಂದು ಚಟಕ್ಕೆ ಇನ್ನೊಂದನ್ನು ಕೊಡುವುದಷ್ಟೇ ಗೊತ್ತಿತ್ತು. ಈಗ ಬ್ಯುಪ್ರೆನಾರ್ಫಿನ್‌ನಂಥ ಔಷಧಗಳನ್ನು ಅಳತೆ ಮಾಡಿ, ನಿಗಾ ಇಟ್ಟು ಕೊಡುವ ಚಿಕಿತ್ಸೆ ಇದೆ, ಜೊತೆಗೆ ಆಪ್ತ ಸಮಾಲೋಚನೆ ಇದೆ. ಮನೋವೈದ್ಯರನ್ನು ಕಾಣಿ. ಮಾತಾಡಲು ಸಂಕೋಚವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಅಥವಾ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಉಚಿತವಾಗಿ ಕರೆ ಮಾಡಬಹುದು. ಮನೆಯವರು ಬೈದು, ಹೀಯಾಳಿಸಿ ಬಿಡಿಸಲು ನೋಡುವ ಬದಲು ವೆಲ್ಚ್ ಗೆಳೆಯನಿಗೆ ಮಾಡಿದಂತೆ ಜೊತೆಗೆ ನಿಂತು ಚಿಕಿತ್ಸೆಗೆ ಕರೆದುಕೊಂಡು ಹೋಗಲಿ.